ಸೊಸೆಗೆ ಮೊದಲ ಸೌಟು

ಅಣಬೆ ಸಾರು ಮಾಡಿದ ದಿನ ನಿಮ್ಮಮ್ಮ ಮೊದಲ ಸೌಟನ್ನು ನನ್ನ ತಟ್ಟೆಗೆ ಹಾಕುತ್ತಾಳೆ. ಅದು ಹಿರಿಯಳಾದ ಅಜ್ಜಿಗೆ ಕೊಡುವ ಮರ್ಯಾದೆ ಎಂದು ನೀವಿಬ್ಬರೂ ತಿಳಿದಿದ್ದೀರಿ. ನಿಮ್ಮಲ್ಲಿ ಚಿಕ್ಕವಳು ಅದನ್ನು ಶಾಲೆಯ ಪ್ರಬಂಧದಲ್ಲೂ ಬರೆದಳಂತೆ. ಬಾಯಿಬಿಟ್ಟು ಹೇಳುವುದು ನನ್ನಿಂದಾಗದು, ಅದಕ್ಕೇ ಈ ನೋಟ್‌ಬುಕ್ಕು.

ಮೊದಲು ಅಣಬೆಯ ವಿಷಯ. ಹುತ್ತದ ಅಣಬೆಗೆ ತಲೆಯ ನಡುವೆ ಮೊನೆ ಇರುತ್ತದೆ. ದಂಟು ಮಣ್ಣೊಳಗೆ ಬೇರಿನ ಹಾಗೆ ಉದ್ದಕ್ಕೆ ಇಳಿದು ಗೆದ್ದಲಿನ ಗೂಡು ಮುಟ್ಟುತ್ತದೆ. ನಮ್ಮ ಕಡೆ ಸಿಗುವುದರ ದಂಟಿಗೆ ಬಳೆ ಇರುವುದಿಲ್ಲ. ಹುಲ್ಲಿನಲ್ಲಿ ಏಳುವ ದೊಡ್ಡ ಕೊಡೆಯವು ಎರಡು ಜಾತಿ, ನೋಡಲು ಅಕ್ಕತಂಗಿಯರು. ಎರಡಕ್ಕೂ ದಂಟಿನಲ್ಲಿ ಬಳೆ, ಎರಡಕ್ಕೂ ಕೊಡೆಯ ಮೇಲೆ ಕಂದು ಹಕ್ಕಳೆ. ಒಳ್ಳೆಯದರ ದಂಟು ಹಾವಿನ ಮೈಯಂತೆ ಪಟ್ಟೆಪಟ್ಟೆ. ಕೆಟ್ಟದ್ದರ ದಂಟು ನುಣುಪು. ಕೊಡೆಯ ಅಡಿಯ ಎಸಳು ಎಳೆಯದರಲ್ಲಿ ಎರಡಕ್ಕೂ ಬಿಳಿಯೇ, ಅಲ್ಲೇ ಜನ ಮೋಸ ಹೋಗುವುದು. ಅರಳಿದ್ದೊಂದನ್ನು ತಟ್ಟೆಯ ಮೇಲೆ ಮಗುಚಿ ಅರ್ಧ ದಿನ ಬಿಡಬೇಕು. ಬಿಳಿ ಹುಡಿ ಉದುರಿದರೆ ಒಳ್ಳೆಯದು. ಹಸಿರು ಉದುರಿದರೆ ವಿಷ.

ನನಗೆ ಇದನ್ನು ಯಾರೂ ಕಲಿಸಲಿಲ್ಲ. ಮದುವೆಯಾಗಿ ಬಂದ ವರ್ಷ ಅಣಬೆ ಬೆಂದ ಕೂಡಲೇ ನನ್ನ ಅತ್ತೆ ನನ್ನನ್ನು ಒಲೆಯ ಬದಿಗೆ ಕರೆದು ಒಂದು ಸೌಟು ಬಡಿಸಿದರು. ಆಮೇಲೆ ಕಡುಬಿಗೆ ಹಬೆ ಇಟ್ಟು ನನ್ನ ಮುಖ ನೋಡುತ್ತಾ ಕುಳಿತರು. ಒಂದು ಸಾರಿ, ಕಡುಬು ಬೇಯುವ ಮೊದಲೇ, ಹೊಟ್ಟೆ ಹಿಡಿದುಕೊಂಡು ಹಿತ್ತಲಿಗೆ ಓಡಿದೆ. ಅತ್ತೆ ಪಾತ್ರೆಯನ್ನು ಗೊಬ್ಬರದ ಗುಂಡಿಗೆ ಸುರಿದು, "ಪುಣ್ಯ, ಗಂಡಸರು ಇನ್ನೂ ಉಂಡಿರ್ಲಿಲ್ಲೆ" ಎಂದರು. ಅಷ್ಟೇ ಅಂದದ್ದು. ಆ ಮೇಲೆ ನಾನು ಪ್ರತಿ ದಂಟನ್ನೂ ಬೆರಳಿನಲ್ಲಿ ತಿರುಗಿಸಿ ನೋಡಲು ಕಲಿತೆ. ತಿನ್ನಬೇಕಾದವಳು ನಾನೇ ತಾನೆ.

ಈಗ ಹೋದ ಮಳೆಗಾಲದ ದಿನಕ್ಕೆ ಬರುತ್ತೇನೆ. ನೀವು ಶಾಲೆಗೆ ಹೋಗಿದ್ದಿರಿ, ನಿಮ್ಮಪ್ಪ ನಾಪೋಕ್ಲಿಗೆ ಕೋಳಿ ತರಲು ಹೋಗಿದ್ದ. ನಮ್ಮ ಹೋಂಸ್ಟೇಯಲ್ಲಿ ನಾಲ್ಕು ಜನ ಇದ್ದರು; ದುಡ್ಡು ಕೊಟ್ಟು ತಂಗುವವರನ್ನೂ ನಾವು ನೆಂಟರೆಂದೇ ಕರೆಯುವುದು. ಅವರಿಗಾಗಿ ಬೆಳೆಸಿದ ಲಾನಿನ ತುಂಬ ಬೆಳಿಗ್ಗೆ ಬಿಳಿ ಕೊಡೆಗಳು ಎದ್ದಿದ್ದವು. ನಿಮ್ಮಮ್ಮ ಬುಟ್ಟಿ ತುಂಬ ಕಿತ್ತು ತಂದಳು.

"ಇದು ಹುತ್ತದ್ದಲ್ಲ, ಬಳೆ ಉಂಟು ನೋಡು. ಬೇಡ" ಎಂದೆ.

"ಫೋನಲ್ಲಿ ನೋಡ್ದೆ ಅತ್ತೆ, ತಿನ್ನಬಹುದು ಅಂತ ಐತೆ."

"ಫೋನು ತಿಂದು ನೋಡಿದ್ದಾ?"

ಜಗಲಿಯಲ್ಲಿದ್ದ ನೆಂಟರು ನಕ್ಕರು. ನನ್ನ ಮಾತಿಗೆ ನಕ್ಕರೆಂದು ಒಂದು ಗಳಿಗೆ ಖುಷಿಯಾಯಿತು. ನಿಮ್ಮಮ್ಮ ಅವರ ಕಡೆ ತಿರುಗಿ, "ನಮ್ಮತ್ತೆ ಓದಿರೋದು ಏಳನೇ ಕ್ಲಾಸು, ಮಾತು ಮಾತ್ರ ಪ್ರೊಫೆಸರ್ದು" ಎಂದಳು. ಈಗ ಇನ್ನೂ ಜೋರಾಗಿ ನಕ್ಕರು. ಪರವೂರಿನವರ ಮುಂದೆ ಬಾಯಿ ತೆರೆಯುವುದೇ ನನಗೆ ಕಷ್ಟ. ತೆರೆದ ಒಂದು ಸಾರಿಗೆ ಅದು ಸಿಕ್ಕಿತು.

ಬುಟ್ಟಿಯಿಂದ ಅರಳಿದ್ದೊಂದನ್ನು ತೆಗೆದು ಸ್ಟೀಲ್ ತಟ್ಟೆಯ ಮೇಲೆ ಮಗುಚಿಟ್ಟೆ. ನಿಮ್ಮಮ್ಮ ಅದನ್ನು ಕಂಡಳು, ಉಳಿದದ್ದನ್ನು ಹೆಚ್ಚತೊಡಗಿದಳು. ಮಧ್ಯಾಹ್ನ ಕಾಯಿ ಅರೆದು ಹಾಕಿ, ಹುಳಿಗೆ ಕಾಚಂಪುಳಿಯ ರಸ ಬಿಟ್ಟು ಸಾರು ಇಳಿಸುವ ಹೊತ್ತಿಗೆ ನಾನು ಕೊಡೆಯನ್ನು ಎತ್ತಿದೆ. ತಟ್ಟೆಯಲ್ಲಿ ಹಸಿರು ಹುಡಿ ಗೆರೆಗೆರೆಯಾಗಿ ಬಿದ್ದಿತ್ತು, ಪಾಚಿಯ ಬಣ್ಣ.

ಆ ತಟ್ಟೆಯನ್ನು ಅವಳ ಮುಂದೆ ಹಿಡಿದಿದ್ದರೆ ಸಾಕಿತ್ತು. ನಾನು ಅದನ್ನು ನಲ್ಲಿಯಡಿಗೆ ಹಿಡಿದು ತೊಳೆದೆ. ಒರೆಸಿದೆ. ಅದೇ ತಟ್ಟೆಗೆ ಅನ್ನ ಹಾಕಿ, ಒಂದು ಸೌಟು ಸಾರು ಬಿಟ್ಟು, ಊಟದ ಮನೆಗೆ ಹೋಗಿ ಎಲ್ಲರಿಗೂ ಕೇಳುವಂತೆ ಹೇಳಿದೆ: "ಈ ಮನೆಲಿ ಅಣಬೆ ಮೊದಲು ಸೊಸೆ ಉಣ್ಣಬೇಕು. ನೆಂಟರಿಗೆ ಆಮೇಲೆ."

ನೆಂಟರಿಗೆ ಬಹಳ ಇಷ್ಟವಾಯಿತು. "ಸಂಪ್ರದಾಯನಾ ಅಜ್ಜಿ? ವಿಡಿಯೋ ಮಾಡ್ಕೊಳ್ಳಲಾ?" ಎಂದು ಒಬ್ಬಳು ಕೇಳಿದಳು.

"ಮಾಡು ಮಗ" ಎಂದೆ.

ನಿಮ್ಮಮ್ಮ ಕ್ಯಾಮೆರಾ ನೋಡಿ ನಗುತ್ತಾ ಉಂಡಳು. "ಸೂಪರ್ ಅಲ್ವಾ ಅತ್ತೆ?" ಎಂದು ಇನ್ನೊಂದು ಸೌಟು ತಾನೇ ಹಾಕಿಕೊಂಡಳು. ಆಗಲೂ ನಾನು ತಡೆಯಲಿಲ್ಲ. ಕಡುಬು ಬೇಯಲಿ, ಅಲ್ಲಿವರೆಗೆ ಯಾರೂ ಮುಟ್ಟಬಾರದು ಎಂದು ನೆಂಟರ ತಟ್ಟೆಗಳನ್ನು ಮಗುಚಿಟ್ಟೆ. ನನ್ನ ಅತ್ತೆ ಕುಳಿತ ಹಾಗೇ ಕುಳಿತು ಅವಳ ಮುಖ ನೋಡಿದೆ. ಮೊದಲು ಹಣೆ ಬೆವರಿತು. ಆಮೇಲೆ ತುಟಿ ಬೆಳ್ಳಗಾಯಿತು. ಹಿತ್ತಲಿಗೆ ಹೋಗುವಷ್ಟು ಹೊತ್ತೂ ಸಿಗಲಿಲ್ಲ ಅವಳಿಗೆ. ವಿಡಿಯೋ ಮಾಡುತ್ತಿದ್ದವಳು ಅದನ್ನು ನಿಲ್ಲಿಸಲು ಮರೆತಿದ್ದಳು.

ನಿಮ್ಮಪ್ಪ ಬಂದು ಜೀಪಿನಲ್ಲಿ ಮಡಿಕೇರಿಗೆ ಕರೆದುಕೊಂಡು ಹೋದ. ನಾಲ್ಕು ದಿನ ಡ್ರಿಪ್ ಹಾಕಿದರು. ಅಮ್ಮನಿಗೆ ಹೊರಗಿನ ಊಟ ಆಗಲಿಲ್ಲ ಎಂದು ನಿಮಗೆ ಹೇಳಿದವಳು ನಾನು. ನೆಂಟರು ಹೋಗುವಾಗ, ಅಜ್ಜಿ ನಮ್ಮ ಜೀವ ಉಳಿಸಿದರು ಎಂದು ಕಾಲು ಮುಟ್ಟಿದರು. ಮುಟ್ಟಿಸಿಕೊಂಡೆ.

ಐದನೇ ದಿನ ನಿಮ್ಮಮ್ಮ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದು ತಟ್ಟೆಗಳ ಸ್ಟ್ಯಾಂಡಿನ ಮುಂದೆ ನಿಂತಳು.

"ಮಗುಚಿಟ್ಟಿದ್ರಲ್ಲ, ಆ ತಟ್ಟೆ. ತೊಳೆದ್ರಾ ಅತ್ತೆ?"

"ತೊಳೆದೆ."

"ಏನಿತ್ತು ಅದ್ರಲ್ಲಿ?"

ನಾನು ಒಲೆಯ ಮೇಲಿನ ಗಂಜಿ ಕದಡಿದೆ. ಅವಳು ಗೋಡೆ ಹಿಡಿದುಕೊಂಡು ಒಳಗೆ ಹೋದಳು. ನಿಮ್ಮಪ್ಪನಿಗೆ ಹೇಳಿದಳೋ ಇಲ್ಲವೋ ಗೊತ್ತಿಲ್ಲ.

ಈ ವರ್ಷ ಗುಡುಗಿದ ಮೇಲೆ ಮತ್ತೆ ಅಣಬೆ ಎದ್ದಿವೆ. ಕೀಳುವವಳು ಅವಳೇ. ನನಗೆ ತೋರಿಸುವುದಿಲ್ಲ. ಬಾಗಿಲು ಮುಂದೆ ಮಾಡಿಕೊಂಡು ಸಣ್ಣಗೆ ಹೆಚ್ಚುತ್ತಾಳೆ. ಹೆಚ್ಚಿದ ಮೇಲೆ ಬಳೆಯೂ ಇಲ್ಲ, ಬೇರೂ ಇಲ್ಲ, ಎಲ್ಲ ಒಂದೇ ಜಾತಿ. ಬೆಂದ ಮೇಲೆ ನನ್ನನ್ನು ಕೂಗಿ ಮೊದಲ ಸೌಟು ಬಡಿಸುತ್ತಾಳೆ. ಕಡುಬಿಗೆ ಹಬೆ ಇಟ್ಟು ಎದುರಿಗೆ ಕೂರುತ್ತಾಳೆ.

ನಾನು ಉಣ್ಣುತ್ತೇನೆ. ಕಡುಬು ಬೆಂದ ಮೇಲೆ ನಿಮ್ಮನ್ನು ಊಟಕ್ಕೆ ಕರೆಯುತ್ತಾಳೆ.