ನಾಯಿಮರಿಗೆ ಸಂಬಂಧ ನೋಡಿದ ಅಜ್ಜಿ

ಎದುರುಮನೆ ಅಜ್ಜಿಯ ಎಡಹುಬ್ಬಿಗೆ ಬೇರೆಯದೇ ಜೀವವಿತ್ತು. ಬಲಹುಬ್ಬು ಮರ್ಯಾದೆಯಿಂದ ತನ್ನ ಜಾಗದಲ್ಲಿ ಕೂತಿದ್ದರೆ, ಎಡದ್ದು ಮಾತ್ರ ಮೆಲ್ಲಗೆ ಮೇಲೇರಿ, ಹಣೆಯ ವಿಭೂತಿ ಪಟ್ಟೆ ಮುಟ್ಟಿ ಅಲ್ಲೇ ನಿಲ್ಲುತ್ತಿತ್ತು. ಅದು ಹಾಗೆ ನಿಂತಿತೆಂದರೆ ಯಾವುದೋ ಒಂದು ಮದುವೆ ಮುರಿಯಿತೆಂದೇ ಅರ್ಥ. ಭರಮಸಾಗರದಿಂದ ಹೊಸದುರ್ಗದವರೆಗೆ ಆ ಹುಬ್ಬಿಗೆ ಹೆದರಿ ಗಂಡಿನ ಕಡೆಯವರು ಮನೆಗೆ ಸುಣ್ಣ ಬಳಿಸುತ್ತಿದ್ದರು. ಸ್ವಲ್ಪ ಉದ್ದ ಮಾಡಿ ಹೇಳುತ್ತಿದ್ದೇನೆ, ಒಪ್ಪಿದೆ. ಆದರೆ ಒಂದು ಮನೆಯವರಂತೂ ನಿಜವಾಗಿ ಬಳಿಸಿದ್ದರು. ಒದ್ದೆ ಗೋಡೆಗೆ ಒರಗಿ ಕೂತ ಅಜ್ಜಿ ಬೆನ್ನು ಪೂರ್ತಿ ಬಿಳಿ ಮಾಡಿಕೊಂಡು ಬಂದು, ಸಂಬಂಧವನ್ನೂ ಬೇಡವೆಂದಿದ್ದರು.

ಸಂಬಂಧ ಕೂಡಿಸುವುದರಲ್ಲಿ ಅವರದು ಬೇರೆಯೇ ದಾರಿ. ಹೆಣ್ಣು ನೋಡಲು ಹೋದರೆ ಹೆಣ್ಣನ್ನು ನೋಡುತ್ತಲೇ ಇರಲಿಲ್ಲ. ಮೊದಲು ತಾಯಿಯನ್ನು ನೋಡುತ್ತಿದ್ದರು, ಆಮೇಲೆ ಹಿತ್ತಲನ್ನು. ನಂತರ ಕೈ ಜಾರಿದಂತೆ ನಟಿಸಿ ಚಹಾ ಚೆಲ್ಲುತ್ತಿದ್ದರು. ಚೆಲ್ಲಿದ ಚಹಾಕ್ಕೆ ಆ ಮನೆಯಲ್ಲಿ ಯಾರು ಯಾರನ್ನು ಬೈಯುತ್ತಾರೆ ಎಂದು ನೋಡುವುದೇ ಅವರ ಪರೀಕ್ಷೆ. ಒಪ್ಪಿಗೆಯಾಗುವವರೆಗೆ ಆ ಮನೆಯ ಚಹಾ ಕುಡಿಯಬಹುದು, ಬೇರೇನೂ ತಿನ್ನುವಂತಿಲ್ಲ. "ಉಂಡ ಬಾಯಿ ನಿಜ ಹೇಳಕ್ಕೆ ಹಿಂದೆಮುಂದೆ ನೋಡ್ತೈತೆ ಕಣ್ಲೇ" ಎಂದು ನನಗೆ ಹೇಳಿದ್ದರು.

ಇಂಥ ಅಜ್ಜಿಗೆ ಇದ್ದದ್ದು ಒಂದೇ ಭಯ, ನಾಯಿ. ಬೀದಿ ಕೊನೆಯಲ್ಲಿ ಹಲ್ಲೆಲ್ಲ ಉದುರಿದ ಒಂದು ಮುದಿ ನಾಯಿ ಇಡೀ ದಿನ ನಿದ್ದೆ ಮಾಡುತ್ತಿತ್ತು. ಅದು ಎದ್ದುಬಿಟ್ಟರೆ ಎಂದು ಅಜ್ಜಿ ಹಿಟ್ಟಿನ ಗಿರಣಿಗೆ ಹಿಂದಿನ ಬೀದಿ ಸುತ್ತಿ ಹೋಗುತ್ತಿದ್ದರು.

ನಮ್ಮ ಮನೆಗೆ ಮೊದಲು ಬಂದ ಮರಿಯನ್ನು ತಂದದ್ದು ಅಪ್ಪ. ಹಿರಿಯೂರಿನಿಂದ ಬರುವಾಗ ಹೆದ್ದಾರಿ ಪಕ್ಕ ಬುಟ್ಟಿ ಇಟ್ಟುಕೊಂಡು ನಿಂತಿದ್ದವನ ಹತ್ತಿರ ಕೊಂಡಿದ್ದರು. ಹತ್ತಿ ಉಂಡೆಯಂತಿತ್ತು. ಇನ್ನೂ ಸರಿಯಾಗಿ ಹಲ್ಲೇ ಬಂದಿರಲಿಲ್ಲ. ಒಂದು ವಾರವೂ ಬದುಕಲಿಲ್ಲ. ತಾಯಿಯಿಂದ ಬೇಗ ಕಿತ್ತಿದ್ದಾರೆ, ಸೂಜಿಯನ್ನೂ ಹಾಕಿಸಿಲ್ಲ ಎಂದು ಡಾಕ್ಟರು ಹೇಳುವಾಗ ಮೂರನೇ ಕ್ಲಾಸಿನ ನನ್ನ ತಂಗಿ ಅಲ್ಲೇ ನಿಂತು ಕೇಳಿಸಿಕೊಂಡಳು. ಅಂದಿನಿಂದ ಅವಳು ಮಾತು ಕಮ್ಮಿ ಮಾಡಿದಳು. ಮೊದಲು ಅವಳ ಬಾಯಿ ಮುಚ್ಚಿಸಲು ನಾನು ಪಡದ ಪಾಡಿರಲಿಲ್ಲ. ಈಗ ಅವಳ ಜುಟ್ಟು ಎಳೆದರೂ ತಿರುಗಿ ಬೈಯುತ್ತಿರಲಿಲ್ಲ. ನನಗೆ ಹೆದರಿಕೆಯಾದಾಗ ಜೋಕು ಹೆಚ್ಚಾಗುತ್ತವೆ. ಆ ತಿಂಗಳು ನಾನು ಮಾಡಿದಷ್ಟು ಜೋಕು ಜೀವಮಾನದಲ್ಲಿ ಮಾಡಿಲ್ಲ. ಒಂದಕ್ಕೂ ಅವಳು ನಗಲಿಲ್ಲ.

"ಇನ್ನೊಂದು ತರಾಣ" ಎಂದರು ಅಪ್ಪ.

"ತರ್ರಿ. ಆದ್ರೆ ಅದೂ ಹಿಂಗೇ ಹೋದ್ರೆ ಈ ಮಗು ತಡ್ಕಳಲ್ಲ" ಎಂದಳು ಅಮ್ಮ. "ಆಮೇಲೆ ಈ ಮನೇಲಿ ನಾಯಿ ಅನ್ನೋ ಮಾತೇ ಎತ್ತಂಗಿಲ್ಲ."

ಹೀಗೆ ನಮಗೆ ಉಳಿದದ್ದು ಒಂದೇ ಅವಕಾಶ. ಆಯ್ಕೆಯ ಹೊಣೆಯನ್ನು ನಾನೇ ಹೊತ್ತು ಫೋನು ಹಿಡಿದು ಕೂತೆ. ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದ ಅಜ್ಜಿ ನನ್ನ ಹೆಗಲ ಮೇಲಿಂದ ಇಣುಕಿದರು.

"ಏನ್ಲೇ ಅದು, ಕುರಿನಾ?"

"ಹಸ್ಕಿ ಅಜ್ಜಿ. ಹಿಮದಾಗೆ ಗಾಡಿ ಎಳೆಯೋ ನಾಯಿ. ಕಾಲೇಜಿನಾಗೆ ಯಾರ ಮನೇಲೂ ಇಲ್ಲ."

"ಬ್ಯಾಸಿಗ್ಯಾಗೆ ಈ ದುರ್ಗದ ಬಂಡೆಗಳೇ ಬಾಯಿ ಬಿಡ್ತವೆ. ಕಂಬಳಿ ಹೊದ್ಕಂಡು ಹುಟ್ಟಿರೋ ಆ ಪ್ರಾಣಿ ಇಲ್ಲಿ ಏನೆಳೀತೈತೆ, ನಿಮ್ಮಪ್ಪನ ಸ್ಕೂಟರ್ರಾ? ಎರಡು ರೂಮಿನ ಮನೆ. ಸಣ್ಣದು ನೋಡು."

ಸಣ್ಣದೂ ಸಿಕ್ಕಿತು. ಹೊಳಲ್ಕೆರೆಯವನೊಬ್ಬ 'ಅಪ್ಪಟ ಪಾಮೇರಿಯನ್, ಬಸ್‌ಸ್ಟಾಂಡಿಗೇ ತಂದು ಕೊಡ್ತೀವಿ' ಎಂದು ಹಾಕಿದ್ದ. ಅಪ್ಪ ಆಗಲೇ ಚಪ್ಪಲಿ ಹುಡುಕತೊಡಗಿದ್ದರು.

"ತಾಯಿ ಎಲ್ಲೈತೆ ಕೇಳು" ಎಂದರು ಅಜ್ಜಿ.

ಕೇಳಿದೆ. "ತಾಯಿ ತೋಟದಾಗೈತಣ್ಣ, ಫೋಟೋ ಕಳುಸ್ತೀನಿ" ಎಂದ. ಫೋಟೋ ಬಂತು. ಚೆಂದದ ಬಿಳಿ ನಾಯಿ. ಅದರ ಹಿಂದೆ ಮೊಣಕಾಲುದ್ದ ಹಿಮ.

"ಹೊಳಲ್ಕೆರೇಲಿ ಹಿಮ ಯಾವಾಗ ಬಿತ್ತು?" ಎಂದರು ಅಪ್ಪ, ಒಂದು ಚಪ್ಪಲಿ ಮಾತ್ರ ಹಾಕಿಕೊಂಡು.

"ಹೋದ್ವಾರ ನಾನು ಹೋಗಿದ್ದೆ. ಬಿದ್ದಿರ್ಲಿಲ್ಲ" ಎಂದರು ಅಜ್ಜಿ. ಎಡಹುಬ್ಬು ಆಗಲೇ ವಿಭೂತಿ ಮುಟ್ಟಿತ್ತು. "ಏನಪ್ಪ, ತಾಯಿಮುಖ ತೋರ್ಸಲ್ಲ, ಹುಡ್ಗೀನ ಬಸ್‌ಸ್ಟಾಂಡಿಗೆ ತಂದು ಒಪ್ಪಿಸ್ತೀವಿ ಅಂದಿದ್ರೆ ನೀನು ಮದ್ವೆ ಆಗ್ತಿದ್ದೇನು?"

ಅಪ್ಪ ಅಮ್ಮನ ಮುಖ ನೋಡಿ ಚಪ್ಪಲಿ ಬಿಚ್ಚಿಟ್ಟರು.

"ದೊಡ್ಡಮ್ಮ, ನೀವೇ ಒಂದು ನೋಡಿ ಕೊಡ್ರಿ" ಎಂದಳು ಅಮ್ಮ. "ನಮಗೆ ಇನ್ನೊಂದು ಸಲ ತಪ್ಪೋಕಾಗಲ್ಲ."

"ನಾಯೀನಾ? ನಾನಾ?" ಅಜ್ಜಿ ನಗುತ್ತಲೇ ಹೊರಟವರು ಮೂಲೆಯಲ್ಲಿ ಕೂತಿದ್ದ ತಂಗಿಯನ್ನು ನೋಡಿ ನಿಂತರು. ಅವಳು ತಲೆ ಎತ್ತಲಿಲ್ಲ. "ನೋಡ್ತೀನಿ" ಎಂದರು. "ಮುಟ್ಟು ಅಂತ ಮಾತ್ರ ಹೇಳಬ್ಯಾಡ್ರಿ."

ಹಿರೇಗುಂಟನೂರಿನಲ್ಲಿ ಅವರೇ ಮದುವೆ ಮಾಡಿಸಿದ್ದ ಒಬ್ಬಾಕೆ ಇದ್ದಳು. ಅವಳ ಮನೆಯ ಸಣ್ಣ ನಾಯಿ ಮರಿ ಹಾಕಿತ್ತು. ಜಾತಿ ಯಾವುದೆಂದು ಕೇಳಿದರೆ, "ತಾಯೀದು ಅರ್ಧ ಪಾಮೇರಿಯನ್ನು, ತಂದೇದು ಊರಿಗೆಲ್ಲ ಗೊತ್ತು" ಎನ್ನುತ್ತಿದ್ದಳಂತೆ. ಅವಳನ್ನು ನಾವು ಆಮೇಲೆ ಬೀಗಿತ್ತಿ ಎಂದೇ ಕರೆದೆವು.

ಒಂದು ಆಟೊದಲ್ಲಿ ಐದು ಜನ, ಜೊತೆಗೆ ಅಜ್ಜಿಯ ಕೊಡೆ. ಮಳೆಗಲ್ಲ, ನಾಯಿಗೆ. ಕುಲುಕಿದಾಗಲೆಲ್ಲ ಕೊಡೆಯ ತುದಿ ನನ್ನ ಪಕ್ಕೆಗೆ ಚುಚ್ಚಿ, ಹಿರೇಗುಂಟನೂರು ಮುಟ್ಟುವಷ್ಟರಲ್ಲಿ ನನ್ನಲ್ಲಿ ಜರಡಿಯಷ್ಟು ತೂತುಗಳಾಗಿದ್ದವು.

"ಬರ್ರಿ, ಕುಂತ್ಕಳ್ರಿ" ಎಂದ ಬೀಗಿತ್ತಿ ಮಂಡಕ್ಕಿ, ಬಿಸಿ ಮೆಣಸಿನಕಾಯಿ ಬಜ್ಜಿ ತಂದಿಟ್ಟಳು. ನಾನು ಕೈ ಚಾಚಿದೆ. ಕೊಡೆ ನನ್ನ ಮಣಿಕಟ್ಟಿನ ಮೇಲೆ ಬಿತ್ತು. ಒಪ್ಪಿಗೆ ಇನ್ನೂ ಆಗಿರಲಿಲ್ಲವಲ್ಲ.

ತಾಯಿ ನಾಯಿ ಹೊರಬಂತು. ಬೆಲ್ಲದ ಬಣ್ಣ, ಒಂದು ಕಿವಿ ಮಡಚಿಕೊಂಡಿತ್ತು. ಅಜ್ಜಿ ಕುರ್ಚಿಯ ಮೇಲೆ ಎರಡೂ ಕಾಲು ಎತ್ತಿಕೊಂಡರೂ ಕಣ್ಣು ಮಾತ್ರ ಅದರ ಮೇಲಿಂದ ಕೀಳಲಿಲ್ಲ. ನಾಯಿ ಅಪ್ಪನನ್ನು ಮೂಸಿತು, ತಂಗಿಯನ್ನು ಮೂಸಿತು, ಬೀಗಿತ್ತಿಯ ಕಾಲ ಬಳಿ ಹೋಗಿ ಕೂತಿತು. ಹಿಂದೆಯೇ ಮೂರು ಮರಿ ಉರುಳಿಕೊಂಡು ಬಂದವು. ಆಗ ಅಜ್ಜಿಯ ಕೈಯಿಂದ ಚಹಾದ ಸ್ಟೀಲ್ ಲೋಟ ಠಣ್ಣನೆ ಬಿತ್ತು. ಪಾಪ, ಕೈ ಜಾರಿತ್ತು. ಒಂದು ಮರಿ ಓಡಿಹೋಗಿ ಬರಲೇ ಇಲ್ಲ. ಇನ್ನೊಂದು ಲೋಟದ ಮೇಲೇ ಎರಗಿತು. ಮೂರನೆಯದು ಹೆದರಿ ತಾಯಿಯ ಹಿಂದೆ ಅವಿತು, ಸ್ವಲ್ಪ ಹೊತ್ತು ಯೋಚಿಸಿ, ಮೆಲ್ಲಗೆ ಬಂದು ಲೋಟ ಮೂಸಿತು. ಬೀಗಿತ್ತಿ ಯಾರನ್ನೂ ಬೈಯದೆ ನೆಲ ಒರೆಸಿದಳು.

"ಅದು" ಎಂದರು ಅಜ್ಜಿ. "ಹೆದರ್ತೈತೆ, ಆದ್ರೆ ಹೆದ್ರಿ ಕೂರಲ್ಲ."

ತಂಗಿ ಅದನ್ನು ಮಡಿಲಿಗೆ ಎತ್ತಿಕೊಂಡಳು. ಬಾಲ ಸುರುಳಿ ಸುತ್ತಿಕೊಂಡಿತ್ತು. "ಚಕ್ಲಿ" ಎಂದಳು. ಎಷ್ಟೋ ದಿನದ ಮೇಲೆ ಅವಳಾಗಿ ಆಡಿದ ಮೊದಲ ಮಾತು. ಅಮ್ಮ ಮುಖ ಆ ಕಡೆ ತಿರುಗಿಸಿಕೊಂಡಳು.

ಮುಗಿಯಿತೆಂದು ನಾನು ಬಜ್ಜಿಯ ಕಡೆ ನೋಡುತ್ತಿರುವಾಗ ಬೀಗಿತ್ತಿ ಸೆರಗು ಸಿಕ್ಕಿಸಿಕೊಂಡು ಕೂತಳು. "ಈಗ ನಾನು ಕೇಳ್ತೀನಿ. ಹಗಲೊತ್ತು ನಿಮ್ಮನೇಲಿ ಯಾರಿರ್ತಾರೆ?"

ಅಮ್ಮ ಮದಕರಿಪುರದಲ್ಲಿ ಟೀಚರು. ಅಪ್ಪ ಆಫೀಸಿಗೆ, ನಾವಿಬ್ಬರೂ ಓದಲಿಕ್ಕೆ. "ಇವಳು ಮನೇಲೇ ಇರ್ತಾಳ್ರಿ" ಎಂದುಬಿಟ್ಟರು ಅಪ್ಪ, ಅಮ್ಮನನ್ನು ತೋರಿಸಿ. ಅಮ್ಮನಿಗೇ ಅದು ಹೊಸ ಸುದ್ದಿ.

"ಸುಳ್ಳು" ಎಂದರು ಅಜ್ಜಿ. "ಬೆಳಿಗ್ಗೆ ಬೀಗ ಹಾಕಿದ್ರೆ ಸಂಜಿಗೇ ತೆಗೆಯೋದು."

ನಮ್ಮ ಕಡೆಯಿಂದ ಬಂದವರೇ ಹೀಗೆಂದರೆ! ಅಪ್ಪ ಕೂತಲ್ಲೇ ಕುಗ್ಗಿ ನನಗಿಂತ ಗಿಡ್ಡಗಾದರು.

"ಹಂಗಾದ್ರೆ ಕೊಡಲ್ಲ ಕಣಮ್ಮ" ಎಂದಳು ಬೀಗಿತ್ತಿ. "ಇಡೀ ದಿನ ಒಳಗೆ ಕೂಡಿಹಾಕಿದ್ರೆ ಅತ್ತತ್ತು ಸಾಯ್ತೈತೆ. ತಪ್ಪು ತಿಳ್ಕಾಬ್ಯಾಡ್ರಿ."

ನನಗೆ ಒಂದು ಜೋಕೂ ಹೊಳೆಯಲಿಲ್ಲ. ತಂಗಿ ಎದ್ದಳು. ಯಾರೂ ಹೇಳದೆಯೇ ಚಕ್ಲಿಯನ್ನು ಒಯ್ದು ತಾಯಿಯ ಪಕ್ಕ ಇಟ್ಟು, ಚಪ್ಪಲಿ ಹಾಕಿಕೊಂಡು ಆಟೊದಲ್ಲಿ ಹೋಗಿ ಕೂತಳು. ಅಳಲಿಲ್ಲ. ಅತ್ತಿದ್ದರೆ ನಮಗೆ ಎಷ್ಟೋ ಮೇಲಾಗುತ್ತಿತ್ತು.

ಅಜ್ಜಿ ಆಟೊ ಕಡೆ ನೋಡಿದರು, ನಾಯಿ ಕಡೆ ನೋಡಿದರು. "ಹಗಲು ನನ್ನ ಮನೇಲಿ ಇರ್ಲಿ."

ಬೀಗಿತ್ತಿ ಬೆರಗಾದಳು. "ನಿಮ್ಮನೇಲಾ? ನನ್ನ ಮದ್ವೇಲಿ ನಾಯಿ ನುಗ್ತು ಅಂತ ಮಂಟಪದ ಮ್ಯಾಲೆ ಹತ್ತಿ, ಮದುಮಗನ್ನೇ ಕೆಳಗಿಳಿಸಿದ್ರಲ್ಲ!"

"ಹೂಂ. ಈಗ್ಲೂ ಭಯನೇ. ನಾನು ಮಂಚದ ಮ್ಯಾಲಿರ್ತೀನಿ, ಅದು ಕೆಳಗಿರ್ಲಿ. ಜೊತೆಗೆ ಒಂದು ಜೀವ ಐತೆ ಅಂತ ಅದಕ್ಕೆ ಗೊತ್ತಾದ್ರೆ ಸಾಕಲ್ಲ?"

ಬೀಗಿತ್ತಿ ಬಹಳ ಯೋಚಿಸಿ ಒಪ್ಪಿದಳು. ಆದರೆ ಮರಿ ಇನ್ನೂ ಹಾಲು ಕುಡಿಯುತ್ತದೆ, ಅದನ್ನು ಬಿಟ್ಟು ಗಟ್ಟಿಯಾದ ಮೇಲೆ ಮೊದಲ ಸೂಜಿ ಹಾಕಿಸಿಯೇ ಕಳಿಸುವುದು. ಹಗಲು ಒಂಟಿಯಾಗಿ ಬಿಟ್ಟದ್ದು ಗೊತ್ತಾದರೆ ಅವತ್ತೇ ಬಂದು ವಾಪಸು ಒಯ್ಯುವುದು. ಎಲ್ಲದಕ್ಕೂ ಹೂಂ ಎಂದೆವು. ಬಜ್ಜಿ ತಣ್ಣಗಾಗಿತ್ತು. ಆದರೂ ನಾನು ತಟ್ಟೆಗೆ ನ್ಯಾಯ ಒದಗಿಸಿದೆ.

ಕಾದ ಆ ದಿನಗಳಲ್ಲಿ ಹಿರೇಗುಂಟನೂರಿನಿಂದ ಫೋನು ಬಂದರೆ ಸಾಕು, ಅಮ್ಮನ ಕೈಲಿದ್ದ ಪಾತ್ರೆ ಬೀಳುತ್ತಿತ್ತು. ಚಕ್ಲಿ ಬಂದ ಮೇಲೂ ಅಷ್ಟೇ. ಅದು ಸೀನಿದರೆ ಅಪ್ಪ ಎದ್ದು ಕೂರುತ್ತಿದ್ದರು, ಸೀನದಿದ್ದರೆ ತಂಗಿ ಅದರ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಿದ್ದಳು. ಹಗಲೆಲ್ಲ ಅಜ್ಜಿ ಮಂಚದ ಮೇಲೆ ಕಾಲು ಮಡಚಿ ಕೂತು, ತಾವು ಮುರಿದ ಸಂಬಂಧಗಳ ಕಥೆಯನ್ನು ಕೆಳಗಿದ್ದ ಚಕ್ಲಿಗೆ ಹೇಳುತ್ತಿದ್ದರು. ಇಳಿಯಬೇಕಾದರೆ, "ಏನಮ್ಮ, ಒಂದೀಟು ಆಕಡೆ ಹೋಗ್ತೀಯಾ?" ಎಂದು ಬೇಡಿಕೊಳ್ಳುತ್ತಿದ್ದರು.

ಒಂದು ಮಧ್ಯಾಹ್ನ ನಾನು ಪರೀಕ್ಷೆ ಮುಗಿಸಿ ಬರುತ್ತಿದ್ದೇನೆ, ಅಜ್ಜಿ ಬರಿಗಾಲಲ್ಲಿ ನಡುಬೀದಿಯಲ್ಲಿದ್ದಾರೆ. ಎದೆಗೆ ಅವಚಿಕೊಂಡ ಸೆರಗಿನೊಳಗೆ ಚಕ್ಲಿ.

"ಲೇ, ಆಟೊ ನಿಲ್ಸು! ವಾಂತಿ ಮಾಡ್ಕಂತೈತೆ, ಕಣ್ಣು ಮ್ಯಾಲೆ ಮಾಡ್ತೈತೆ!"

ಆಟೊದಲ್ಲಿ ಅವರು ಚಕ್ಲಿಯನ್ನು ಎದೆಗೆ ಇನ್ನಷ್ಟು ಒತ್ತಿಕೊಂಡರು. ನಾನು ಎತ್ತಿಕೊಳ್ಳಲು ಹೋದರೆ ಕೊಡಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿದ್ದರು. "ಕಡಿಯಂಗಿದ್ರೆ ಮೊದ್ಲೇ ಹೇಳು" ಎಂದರು. ಸ್ವಲ್ಪ ಹೊತ್ತಿಗೆ, "ಇದೂ ಹೋದ್ರೆ ಆ ಮಗೀಗೆ ನಾನು ಏನಂತ ಹೇಳ್ಲೋ?" ಎಂದರು. ಆಸ್ಪತ್ರೆ ಬರುವವರೆಗೆ ನಾನು ಬಾಯಿ ಬಿಡಲಿಲ್ಲ. ಇದನ್ನು ಉದ್ದ ಮಾಡಿ ಹೇಳುತ್ತಿಲ್ಲ.

ಡಾಕ್ಟರು ಚಕ್ಲಿಯ ಹೊಟ್ಟೆ ಒತ್ತಿ ನೋಡಿದರು. "ಏನ್ ತಿನ್ಸಿದ್ರಿ?"

"ಏನಿಲ್ಲಪ್ಪ."

ಡಾಕ್ಟರು ಕನ್ನಡಕ ತೆಗೆದು ಅಜ್ಜಿಯನ್ನು ನೋಡಿದರು.

"ಒಂದೀಟು ಹೋಳಿಗೆ."

"ಒಂದೀಟು ಅಂದ್ರೆ?"

"ಮೂರು" ಎಂದರು ಅಜ್ಜಿ. "ತುಪ್ಪ ಹಾಕಿ."

ಸೂಜಿ, ಔಷಧಿ ಆಗಿ ಸಂಜೆಗೆ ಚಕ್ಲಿ ಬಾಲ ಅಲ್ಲಾಡಿಸಿತು. ತಂಗಿ ಶಾಲೆಯಿಂದ ಬರುವುದನ್ನೇ ಕಾದಿದ್ದ ಅಜ್ಜಿ, ಅವಳು ಚೀಲ ಇಳಿಸುವ ಮೊದಲೇ, "ನಂದೇ ತಪ್ಪು ಕಣವ್ವ. ಹೋಳಿಗೆ ಹಾಕ್ಬಿಟ್ಟೆ, ಈಗ ಉಷಾರೈತೆ" ಎಂದರು. ತಂಗಿ ಅವರನ್ನು ಬಾಯಿಗೆ ಬಂದಂತೆ ಬೈದಳು. ಮೊದಲಿನ ಹಾಗೆಯೇ, ಉಸಿರು ತೆಗೆದುಕೊಳ್ಳದೆ. ಅಜ್ಜಿ ತಲೆ ತಗ್ಗಿಸಿ ಬೈಸಿಕೊಂಡರು. ಅಮ್ಮ ಒಳಗೆ ಹೋಗಿ ಅತ್ತಳು.

ಹೋದ ಕಾರ್ತಿಕದಲ್ಲಿ ಜ್ವರ ಬಂದು ಮಲಗಿದ ಅಜ್ಜಿ ಮತ್ತೆ ಏಳಲಿಲ್ಲ. ಮಣ್ಣಿಗೆ ಬಂದವರಲ್ಲಿ ಅರ್ಧ ಜನ ಅವರು ಕೂಡಿಸಿದವರು, ಇನ್ನರ್ಧ ಅವರು ಮುರಿದವರು. ಹೆಚ್ಚು ಅತ್ತವರು ಮುರಿಸಿಕೊಂಡವರೇ. ಬೀಗಿತ್ತಿಯೂ ಬಂದಿದ್ದಳು. ಬೀಗ ಬಿದ್ದ ಎದುರುಮನೆಯನ್ನು ನೋಡಿದಳು, ಚಕ್ಲಿಯನ್ನು ನೋಡಿದಳು, ಏನೂ ಹೇಳದೆ ಹೋದಳು. ನಮ್ಮ ಮನೆಯಲ್ಲಿ ಅವತ್ತಿನಿಂದ ಯಾರಿಗೂ ಊಟ ಸೇರಲಿಲ್ಲ.

ಹಗಲು ಚಕ್ಲಿ ಜೊತೆ ಯಾರಿರುತ್ತಾರೆಂದು ಕೇಳಲು ಅವಳ ಫೋನು ಬರುತ್ತದೆಂದು ಗೊತ್ತಿತ್ತು. ನಾನು ಒಂದು ಅದ್ಭುತವಾದ ಸುಳ್ಳು ತಯಾರು ಮಾಡಿ ಇಟ್ಟುಕೊಂಡಿದ್ದೆ. ಅದರಲ್ಲಿ ಹೊಸದುರ್ಗದಿಂದ ಬಂದು ನೆಲೆಸಿದ ಒಬ್ಬ ಸೋದರತ್ತೆ ಇದ್ದಳು, ಅವಳಿಗೆ ಮಂಡಿನೋವೂ ಇತ್ತು. ಆದರೆ ಫೋನು ಬಂದಾಗ ಎತ್ತಿದವಳು ತಂಗಿ.

"ಇಲ್ಲ ಅಕ್ಕ" ಎಂದಳು. "ಈಗ ಹಗಲೊತ್ತು ಯಾರೂ ಇರಲ್ಲ. ಅಣ್ಣ ಊಟದ ಬಿಡುವಿನಾಗೆ ಸೈಕಲ್ ತುಳ್ಕಂಡು ಬಂದು ಹೋಗ್ತಾನೆ. ಉಳಿದ ಹೊತ್ತು ಒಂದೇ ಇರ್ತೈತೆ. ಅಳ್ತೈತೋ ಇಲ್ವೋ ನಮಗೆ ಗೊತ್ತಿಲ್ಲ."

ಅಮ್ಮ ಗೋಡೆ ಹಿಡಿದುಕೊಂಡಳು. ನಾನು ಫೋನಿನ ಸ್ಪೀಕರ್ ಒತ್ತಿದೆ.

"ನಿಂಗೆ ಹಿಂಗೆ ಮಾತಾಡಕ್ಕೆ ಕಲಿಸಿದವ್ರು ಯಾರು ಅಂತ ಗೊತ್ತಾತು ಬಿಡು ಮಗಾ" ಎಂದಳು ಬೀಗಿತ್ತಿ. ಅವಳ ದನಿ ಒಡೆದಿತ್ತು. "ಇರ್ಲಿ. ನಿಮ್ಮಲ್ಲೇ ಇರ್ಲಿ. ನಿಮ್ಮಣ್ಣ ಬಿಡುವಾದ ತಕ್ಷಣ ಬರ್ಲಿ, ದಾರೀಲಿ ಬಜ್ಜಿ ಅಂಗಡಿ ಹತ್ರ ನಿಲ್ಬಾರ್ದು ಅಂತ ಹೇಳು."

ನಾನು ನಿಲ್ಲುವುದಿಲ್ಲ. ನನ್ನ ಸುಳ್ಳಿನ ಆ ಸೋದರತ್ತೆ ಮಾತ್ರ ಮಂಡಿನೋವಿನ ಸಮೇತ ನನ್ನ ಹತ್ತಿರ ಹಾಗೇ ಉಳಿದುಬಿಟ್ಟಿದ್ದಾಳೆ. ತಂಗಿ ಈ ಮನೆಯಲ್ಲಿರುವವರೆಗೆ ಅವಳಿಗೆ ಕೆಲಸ ಸಿಗುವ ಲಕ್ಷಣವಿಲ್ಲ.