ತುಂಬಿದ ಲೋಟದ ಬಿಲ್ಡಪ್

ಬಿಲ್ಡಪ್ ಎಂಬ ಇಂಗ್ಲಿಷ್ ಪದಕ್ಕೆ ನಿಘಂಟು ಏನು ಅರ್ಥ ಕೊಡುತ್ತದೋ ನನಗೆ ಗೊತ್ತಿಲ್ಲ. ನಮ್ಮ ಬೀದಿಯಲ್ಲಿ ಅದರ ಅರ್ಥ, ಆಸ್ಪತ್ರೆಯ ಶವದ ವ್ಯಾನಿನ ಡ್ರೈವರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಪ್ಪು ಕನ್ನಡಕ, ಕಾಲರಿಗೆ ಕರ್ಚೀಫು. ಹೊರಡುವ ಮುಂಚೆ ಮದುವೆಯ ಕಾರೇನೋ ಎಂಬಂತೆ ಗಾಡಿ ಉಜ್ಜುತ್ತಾನೆ. ಪೆಟ್ರೋಲ್ ಬಂಕಿನಲ್ಲಿ ಯಾರಾದರೂ ಸಿಕ್ಕರೆ ಸಾಕು, "ನನ್ನ ಗಾಡೀಲಿ ಮಲಗಿದೋರು ಒಬ್ರಾದ್ರೂ ಇವತ್ತಿನ ತನಕ ಕಂಪ್ಲೇಂಟ್ ಮಾಡಿದಾರಾ, ಹೇಳಿ" ಎಂದು ತಾನೇ ನಗುತ್ತಾನೆ. ಅಸಲು ಬಿಲ್ಡಪ್ ಇರುವುದು ಸ್ಟೇರಿಂಗಿನ ಪಕ್ಕದಲ್ಲಿ: ಕಂಠಮಟ್ಟ ನೀರು ತುಂಬಿದ ಸ್ಟೀಲ್ ಲೋಟ. ರಸ್ತೆಯುಬ್ಬು ಬಂದರೆ, ನಿದ್ದೆಹೋದ ಕೂಸನ್ನು ಹಾಸಿಗೆಗೆ ಇಳಿಸುವ ಹಾಗೆ ಗಾಡಿಯನ್ನು ಇಳಿಸಿ, ಹಿಂದೆ ಅಳುತ್ತಾ ಕೂತವರ ಕಡೆ ತಿರುಗಿ, "ನೋಡಿದ್ರಾ, ಒಂದು ಹನಿ ಚೆಲ್ಲಲಿಲ್ಲ!" ಎನ್ನುತ್ತಾನೆ. ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ, ಒಬ್ಬನಂತೂ ಆ ಲೋಟದ ನೀರನ್ನೇ ಅವನ ಮುಖಕ್ಕೆ ಎರಚಿದ. ಇವನು ಕನ್ನಡಕ ಒರೆಸಿಕೊಂಡು ಮತ್ತೆ ತುಂಬಿಸಿಟ್ಟ. ಹೋದ ವರ್ಷ, ಇನ್ನೂ ಶಾಲೆಗೆ ಸೇರದ ಅವನ ಮಗಳು ಅದೇ ಆಸ್ಪತ್ರೆಯಲ್ಲಿ ಜ್ವರದಿಂದ ತೀರಿಕೊಂಡಾಗ, ಯಾರು ಎಷ್ಟು ಕೇಳಿದರೂ ವ್ಯಾನಿನ ಕೀ ಕೊಡದೆ ತಾನೇ ಓಡಿಸಿದ. ಗಾಡಿಯ ಹಿಂಭಾಗದಲ್ಲಿ ಅವನ ಹೆಂಡತಿಯ ಜೊತೆ ನಾನು ಕೂತಿದ್ದೆ. ಲೋಟ ಅವತ್ತೂ ಇತ್ತು. ಮನೆಯ ತಿರುವಿನ ಉಬ್ಬು ದಾಟಿದ ಮೇಲೆ ಅವನು ಹಿಂದೆ ತಿರುಗಲಿಲ್ಲ; "ಒಂದು ಹನಿ ಚೆಲ್ಲಲಿಲ್ಲ ಕಣೇ" ಎಂದ. ಮಗುವಿನ ಹಣೆಯ ಮೇಲಿಂದ ಕೈ ತೆಗೆಯದೆ ಅವಳು ಹೇಳಿದಳು: "ಹೂಂ ರೀ, ಅವಳಿಗೆ ಎಚ್ಚರಾನೇ ಆಗ್ಲಿಲ್ಲ."