ಕಾರೆಕಾಯಿ ಹಾಕಿದ ಕೆರೆ

ನಾನು ಶಾಲೆಯ ಮಾಸ್ಟ್ರು. ತಪ್ಪು ಮಾಡಿದವರ ಕಿವಿ ಹಿಂಡುವುದು ನನ್ನ ಕಸುಬು. ನನ್ನ ಕಿವಿ ಹಿಂಡಬೇಕಾದ ದಿನ ಯಾರೂ ಇರಲಿಲ್ಲ.

ಯುದ್ಧದ ಕಾಲ. ಮಂಗಲ್ಪಾಡಿಯ ಶಾಲೆಯಲ್ಲಿ ಕೆಲಸ, ಹತ್ತಿರದಲ್ಲೇ ಬಾಡಿಗೆ ಮನೆ, ಮನೆಯ ಮುಂದೆ ಸಣ್ಣ ಕೆರೆ. ಮದುವೆಯಾಗಿ ಆರು ವರ್ಷಗಳ ಮೇಲೆ ನನ್ನ ಹೆಂಡತಿ ಬಸುರಾಗಿದ್ದಳು. ಐದನೆಯ ತಿಂಗಳಲ್ಲಿ ಅವಳಿಗೆ ಚಳಿಜ್ವರ ಹಿಡಿಯಿತು. ದಿನ ಬಿಟ್ಟು ದಿನ ಬರುತ್ತಿತ್ತು, ನಡುವಿನ ದಿನವೂ ಹಾಸಿಗೆಯಿಂದ ಏಳಲಾಗುತ್ತಿರಲಿಲ್ಲ. ಮೂರು ಕಂಬಳಿ ಹೊದೆಸಿದರೂ ಹಲ್ಲು ಕಟಕಟ ಎನ್ನುತ್ತಿತ್ತು. ಮಂಜೇಶ್ವರದಿಂದ ಕ್ವಿನೈನ್ ತಂದೆ. ಅವಳು ಮುಟ್ಟಲಿಲ್ಲ.

"ಅದು ತಿಂದರೆ ಬಸುರು ಇಳೀತದೆ ಅಂತ ಎಲ್ಲರೂ ಹೇಳ್ತಾರೆ. ನಾನು ತಿನ್ನುದಿಲ್ಲ. ಬೇಕಾದ್ರೆ ನೀವೇ ತಿನ್ನಿ."

ಬೈದೆ, ಬೇಡಿಕೊಂಡೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಔಷಧಿ ಬೇಡವಾದರೆ ಸೊಳ್ಳೆಯನ್ನಾದರೂ ಕೊಲ್ಲಬೇಕಲ್ಲ. ನೆಕ್ಕಿ ಸೊಪ್ಪಿನ ಹೊಗೆ ಹಾಕಿದರೆ ಅವಳಿಗೆ ಕೆಮ್ಮು ಬರುತ್ತಿತ್ತು, ಸೊಳ್ಳೆಗೆ ಏನೂ ಆಗುತ್ತಿರಲಿಲ್ಲ. ಕೆರೆಗೆ ಸೀಮೆಎಣ್ಣೆ ಹೊಯ್ಯಬೇಕೆಂದು ನಾನೇ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಆದರೆ ರೇಶನಿನ ಸೀಮೆಎಣ್ಣೆ ಚಿಮಿಣಿ ದೀಪಕ್ಕೇ ಸಾಲದು, ಕೆರೆಗೆ ಎಲ್ಲಿಂದ ತರಲಿ?

ನೆರೆಮನೆಯ ಅಜ್ಜಿ ನನ್ನ ಪಾಡು ನೋಡಿ ನಕ್ಕರು. "ಪುಸ್ತಕದ ಬದನೆಕಾಯಿ ಸಾಂಬಾರಿಗೆ ಆಗ್ತದಾ ಮಾಸ್ಟ್ರೇ? ಹೊಳೆಗೆ ಕಾರೆಕಾಯಿ ಜಜ್ಜಿ ಹಾಕಿದ್ರೆ ಮೊಳ ಉದ್ದದ ಮೀನೇ ಹೊಟ್ಟೆ ಮೇಲೆ ಮಾಡಿ ತೇಲ್ತದೆ. ಸೊಳ್ಳೆಯ ಹುಳ ಎಂತ ದೊಡ್ಡದು?"

ಸರಿ ಎನಿಸಿತು. ಭಾನುವಾರ ಗುಡ್ಡೆಗೆ ಹೋಗಿ, ಕೈಯೆಲ್ಲ ಮುಳ್ಳು ಗೀರಿಸಿಕೊಂಡು ಎರಡು ಬುಟ್ಟಿ ಕಾಯಿ ತಂದೆ. ಹೆಂಡತಿ ಒಳಗೆ ಜ್ವರದಲ್ಲಿ ಮಲಗಿದ್ದಳು. ಕಲ್ಲಿನ ಮೇಲೆ ಜಜ್ಜಿ ಜಜ್ಜಿ ಕೆರೆಗೆ ಹಾಕಿದೆ. ನೀರು ನೊರೆ ಕಟ್ಟಿತು. ಮಧ್ಯಾಹ್ನದೊಳಗೆ ಸಣ್ಣ ಮೀನುಗಳೆಲ್ಲ ಬೆಳ್ಳಗೆ ತೇಲಿದವು. ಜ್ವರ ಹಿಡಿಯುವ ಮೊದಲು ಅವಳು ದಿನಾ ತಂಗಳನ್ನ ಹಾಕಿ ಸಾಕಿದ್ದ ಮೀನುಗಳು. ಬೇಸರವಾಯಿತು, ಮಗುವಿಗಿಂತ ಮೀನು ಹೆಚ್ಚೇ ಎಂದುಕೊಂಡು ಬುಟ್ಟಿಯಲ್ಲಿ ಬಾಚಿ ತೆಂಗಿನ ಬುಡಕ್ಕೆ ಹಾಕಿದೆ.

ಹತ್ತು ದಿನ ಕಳೆಯುವಷ್ಟರಲ್ಲಿ ಕೆರೆಯ ತುಂಬ ಸೊಳ್ಳೆಯ ಹುಳುಗಳೇ. ಶಾಲೆಗೆ ಬಂದ ಹೆಲ್ತ್ ಇನ್ಸ್‌ಪೆಕ್ಟರನ್ನು ಕರೆತಂದು ತೋರಿಸಿದೆ. ಅವರು ಬಗ್ಗಿ ನೋಡಿದರು.

"ಮೀನು ಉಸಿರಾಡುದು ನೀರಿನೊಳಗೆ, ಅದಕ್ಕೆ ಸತ್ತಿತು. ಈ ಹುಳ ನೀರಿನ ಮೇಲೆ ಬಂದು ಗಾಳಿ ತೆಗೊಳ್ತದೆ, ಇದಕ್ಕೆ ಎಂತ ಆಗ್ತದೆ? ಇದನ್ನು ತಿನ್ನುದು ಆ ಮೀನೇ ಅಲ್ವಾ? ಗಣಪತಿ ಮಾಡ್ಲಿಕ್ಕೆ ಹೋಗಿ ಅವನಪ್ಪನನ್ನು ಮಾಡಿದ್ರಿ ಮಾರಾಯ್ರೆ."

ನೀರಿನ ಮೇಲೆ ಬಂದು ಉಸಿರಾಡುವ ಆ ಹುಳುವಿನ ಚಿತ್ರವನ್ನು ವರ್ಷ ವರ್ಷವೂ ಕರಿಹಲಗೆಯ ಮೇಲೆ ಬರೆದವನು ನಾನೇ.

ಏಳನೆಯ ತಿಂಗಳಲ್ಲಿ, ಜ್ವರ ಏರಿದ ದಿನವೇ ಅವಳಿಗೆ ಹೆರಿಗೆಯಾಯಿತು. ಹೆಣ್ಣು. ಅಳಲಿಲ್ಲ. ಸೊಳ್ಳೆ ಮೊದಲೇ ಇತ್ತು, ಜ್ವರವೂ ಇತ್ತು, ನಿಮ್ಮ ತಪ್ಪು ಎಂತದು ಎಂದು ಅಜ್ಜಿ ಸಮಾಧಾನ ಹೇಳಿದರು. ಆ ಸಮಾಧಾನ ನನಗೆ ಇವತ್ತಿಗೂ ಹತ್ತಿಲ್ಲ.

ತಿಂಗಳ ಮೇಲೆ ಅವಳು ಎದ್ದು ಓಡಾಡತೊಡಗಿದಳು. ಒಂದು ಬೆಳಗ್ಗೆ ತಂಗಳನ್ನದ ಬಟ್ಟಲು ಹಿಡಿದು ಕೆರೆಯ ಮೆಟ್ಟಿಲಿಗೆ ಹೋದಳು. ನಾನೂ ಹಿಂದೆ ಹೋದೆ.

"ಮೀನು ಒಂದೂ ಕಾಣುದಿಲ್ಲ. ಎಂತ ಆಯ್ತು?"

"ಕೊಕ್ಕರೆ ತಿಂದಿರಬೇಕು" ಎಂದೆ.

"ಪಾಪ" ಎಂದಳು. ಆದರೂ ಎಲ್ಲಿಯಾದರೂ ಒಂದು ಉಳಿದಿದ್ದರೆ ಎಂದು ಅನ್ನವನ್ನು ನೀರಿಗೆ ಹಾಕಿದಳು. ಹುಳುಗಳು ಬೆದರಿ ತಳಕ್ಕೆ ಇಳಿದವು. ನಾವು ನೋಡುತ್ತಿದ್ದಂತೆ ಒಂದೊಂದಾಗಿ ಮೇಲೆ ಬಂದವು.